ಹೆಸರಿನ ಮುಂದೆ ಬರೆಯುವ ಡಿಗ್ರಿ

ಕಲಾಸಿಪಾಳ್ಯದ ಬಸ್ ನಿಲ್ದಾಣದಿಂದ ಕೋಟೆಯ ಕಡೆಗೆ ನಡೆದರೆ ವಿಕ್ಟೋರಿಯಾ ಆಸ್ಪತ್ರೆ, ವಾಣಿವಿಲಾಸ ಆಸ್ಪತ್ರೆ, 1955ರಲ್ಲಿ ಆರಂಭವಾದ ಮೆಡಿಕಲ್ ಕಾಲೇಜು ಎಲ್ಲವೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ‘ಡಿಗ್ರಿ’ ಎಂಬ ಮಾತಿಗೆ ಈ ಬೀದಿಯಲ್ಲಿ ಎರಡು ಕೆಲಸ. ಮಗುವಿನ ಕಂಕುಳಲ್ಲಿಟ್ಟ ಥರ್ಮಾಮೀಟರಿನಲ್ಲಿ ಒಂದು ಡಿಗ್ರಿ, ಡಾಕ್ಟರ ಬೋರ್ಡಿನಲ್ಲಿ ಹೆಸರಿನ ಮುಂದೆ ಇನ್ನೊಂದು. ಮೊದಲನೆಯದು ಏರಿದರೆ ತಾಯಿಗೆ ದಿಗಿಲು, ಎರಡನೆಯದು ಏರಿದಷ್ಟೂ ಧೈರ್ಯ!

ಡಿಗ್ರಿಯ ಮೂಲ ಲ್ಯಾಟಿನ್ನಿನ ‘ಗ್ರಾಡುಸ್’. ಹಾಗೆಂದರೆ ಮೆಟ್ಟಿಲು, ಹೆಜ್ಜೆ. ನಾವು ಬಳಸುವ ‘ಪದವಿ’ಗೂ ಸಂಸ್ಕೃತದಲ್ಲಿ ದಾರಿ ಎಂಬ ಅರ್ಥವುಂಟು. ಅಕ್ಷಾಂಶ, ರೇಖಾಂಶಗಳಲ್ಲಿರುವ ‘ಅಂಶ’ವೂ ಡಿಗ್ರಿಯೇ, ವೃತ್ತವನ್ನು 360 ಪಾಲು ಮಾಡಿದರೆ ಅದರಲ್ಲೊಂದು.

ಅರ್ಥ ಬೇರೆಯಾದಂತೆ ಬರೆಯುವ ರೀತಿಯೂ ಬೇರೆ. ಜ್ವರವನ್ನು ಬರೀ ‘100 ಡಿಗ್ರಿ’ ಎಂದು ಬರೆದರೆ ಸಾಲದು. 100 ಡಿಗ್ರಿ ಫ್ಯಾರನ್‌ಹೀಟ್ ಎಂದರೆ ಸಣ್ಣ ಜ್ವರ, 100 ಡಿಗ್ರಿ ಸೆಲ್ಸಿಯಸ್ ಎಂದರೆ ಕುದಿಯುವ ನೀರು. ನಮ್ಮ ಮನೆಗಳ ಹಳೆಯ 98.6 ಫ್ಯಾರನ್‌ಹೀಟ್, ಸೆಲ್ಸಿಯಸ್ಸಿನಲ್ಲಿ 37. ಸೆಂಟಿಗ್ರೇಡ್ ಎಂಬ ಹೆಸರು 1948ರಲ್ಲೇ ಸೆಲ್ಸಿಯಸ್ ಎಂದು ಬದಲಾಯಿತು. ಚಿಹ್ನೆ ಬರೆಯುವುದಾದರೆ ಅಂಕಿಯ ಬಲಗಡೆ, ಮೇಲಕ್ಕೆ, ಪುಟ್ಟ ಸೊನ್ನೆ: 37°. ಸೊನ್ನೆ ಕೆಳಗಿಳಿದರೆ 370 ಆಗಿ ಓದುವವರ ಎದೆ ಹೊಡೆದುಕೊಂಡೀತು.

ಹೆಸರಿನ ಮುಂದಿನ ಡಿಗ್ರಿಗೂ ಕ್ರಮವಿದೆ. ಎಂ.ಬಿ.ಬಿ.ಎಸ್. ಎಂದರೆ ವೈದ್ಯ ಮತ್ತು ಶಸ್ತ್ರವೈದ್ಯ ಎಂಬ ಎರಡು ಪದವಿಗಳು ಒಟ್ಟಿಗೆ. ಹಿಂದಿನ ಬೋರ್ಡುಗಳಲ್ಲಿದ್ದ ಎಲ್.ಎಂ.ಪಿ. ವೈದ್ಯವೃತ್ತಿಯ ಪರವಾನಗಿ, ಪದವಿಯಲ್ಲ. ಹೆಸರಿನ ಹಿಂದೆ ‘ಡಾ.’ ಹಾಕಿದ ಮೇಲೆ ಮುಂದೆ ‘ಪಿಎಚ್.ಡಿ.’ ಬೇಕಿಲ್ಲ, ಎರಡರಲ್ಲೊಂದು ಸಾಕು. ಮುಗಿಸದ ಪದವಿಯನ್ನಂತೂ ಬರೆಯಬಾರದು.

ಈ ಎರಡಕ್ಷರಕ್ಕಾಗಿ ಹೆಣ್ಣುಮಕ್ಕಳು ಕಾದದ್ದು ಸ್ವಲ್ಪ ಕಾಲವಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಕಾದಂಬಿನಿ ಬಸು, ಚಂದ್ರಮುಖಿ ಬಸು ಬಿ.ಎ. ಪಡೆದದ್ದು 1883ರಲ್ಲಿ. ಆಕ್ಸ್‌ಫರ್ಡಿನಲ್ಲಿ ಪರೀಕ್ಷೆ ಪಾಸಾದ ಹೆಂಗಸರಿಗೂ 1920ರವರೆಗೆ ಪದವಿಯಿರಲಿಲ್ಲ. ಕೇಂಬ್ರಿಜ್ 1948ರವರೆಗೆ ಕಾಯಿಸಿತು.

ನಮ್ಮ ಬೆಂಗಳೂರಿನಲ್ಲೂ ಒಂದು ಕಥೆಯಿದೆ. ಮಲ್ಲೇಶ್ವರದಾಚೆಯ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ತಿರುವಾಂಕೂರಿನ ಅನ್ನಾ ಮಣಿ 1940ರಲ್ಲಿ ಬಂದರು. ಸಿ.ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ವಜ್ರ, ಮಾಣಿಕ್ಯಗಳ ಬೆಳಕನ್ನು ಅಭ್ಯಾಸ ಮಾಡಿ ಐದು ಪ್ರಬಂಧಗಳನ್ನು ಒಬ್ಬರೇ ಬರೆದರು. ಆಗ ಸಂಸ್ಥೆಗೆ ಪದವಿ ಕೊಡುವ ಅಧಿಕಾರವಿರಲಿಲ್ಲ. 1945ರಲ್ಲಿ ಮಹಾಪ್ರಬಂಧ ಮದರಾಸು ವಿಶ್ವವಿದ್ಯಾಲಯಕ್ಕೆ ಹೋಯಿತು. ಅನ್ನಾ ಮಣಿಯವರಲ್ಲಿದ್ದುದು ಬಿ.ಎಸ್‌ಸಿ. ಆನರ್ಸ್, ಎಂ.ಎಸ್‌ಸಿ. ಇಲ್ಲವೆಂದು ಪಿಎಚ್.ಡಿ. ಕೊಡಲಿಲ್ಲ. ನಡುವಿನ ಮೆಟ್ಟಿಲು ಹತ್ತಿಲ್ಲವೆಂಬ ಕಾರಣಕ್ಕೆ, ಆಗಲೇ ಮೇಲೆ ತಲುಪಿದ್ದವರನ್ನು ತಲುಪಿಲ್ಲ ಎಂದಂತಾಯಿತು! ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ಉಳಿಯಿತು.

ಅವರು ಅಳುತ್ತಾ ಕೂರಲಿಲ್ಲ. ಲಂಡನ್ನಿನಲ್ಲಿ ಹವಾಮಾನದ ಉಪಕರಣಗಳನ್ನು ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಸುಮಾರು ನೂರು ಉಪಕರಣಗಳಿಗೆ ಒಂದೇ ಪ್ರಮಾಣದ ನಕ್ಷೆಗಳನ್ನು ಸಿದ್ಧಪಡಿಸಿ, ಅವು ನಮ್ಮಲ್ಲೇ ತಯಾರಾಗುವಂತೆ ಮಾಡಿದರು. ಒಂದು ಡಿಗ್ರಿ ಕೈತಪ್ಪಿದಾಕೆ ದೇಶದ ಬಿಸಿಲು, ಗಾಳಿಗಳ ಲೆಕ್ಕವನ್ನೇ ಸರಿಪಡಿಸಿದರು.

ಅನ್ನಾ ಮಣಿಯವರ ಹೆಸರಿಗೆ ಅಭಿಮಾನದಿಂದ ‘ಡಾ.’ ಸೇರಿಸುವವರಿದ್ದಾರೆ. ಸೇರಿಸದಿರುವುದೇ ಸರಿ, ಸೇರಿಸಿದರೆ ಆದ ಅನ್ಯಾಯ ಮರೆತುಹೋಗುತ್ತದೆ. ಆದರೆ ಪಡೆದ ಪದವಿಯನ್ನು ಬಿಡುವುದೂ ತಪ್ಪೇ. ಎಷ್ಟೋ ಲಗ್ನಪತ್ರಿಕೆಗಳಲ್ಲಿ ವರನಿಗೆ ಬಿ.ಇ. ಇರುತ್ತದೆ, ಎಂ.ಎ. ಓದಿದ ವಧುವಿಗೆ ‘ಚಿ||ಕುಂ||ಸೌ||’ ಅಷ್ಟೇ. ಅಚ್ಚಿಗೆ ಕೊಡುವ ಮುನ್ನ ಕರಡನ್ನು ಒಮ್ಮೆ ನೀವೇ ನೋಡಿ, ಮಗಳ ಎಂ.ಎ.ಯನ್ನೂ ಚುಕ್ಕಿ ಸಮೇತ ಬರೆಸಿ.