ಕಟಪಯಾದಿ

ಸಂಖ್ಯೆಗಳನ್ನು ಅಕ್ಷರಗಳಾಗಿಸಿ, ಆ ಅಕ್ಷರಗಳಿಂದ ಅರ್ಥವುಳ್ಳ ಪದಗಳನ್ನು ಕಟ್ಟಿ, ಬಾಯಿಪಾಠಕ್ಕೆ ಒದಗಿಸುವ ಪ್ರಾಚೀನ ಭಾರತೀಯ ಪದ್ಧತಿ. ಕೇರಳದ ಜ್ಯೋತಿರ್ವಿದರ ಕೈಯಲ್ಲಿ ಬೆಳೆದ ಇದು ಮುಂದೆ ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರುಗಳಲ್ಲಿ ನೆಲೆಸಿತು.

ಕ್ರಮ ಸರಳ. ಕ ಮೊದಲಾಗಿ ಝ ತನಕ 1ರಿಂದ 9, ಞ ಸೊನ್ನೆ. ಟ ಮೊದಲಾಗಿ ಧ ತನಕ ಮತ್ತೆ 1ರಿಂದ 9, ನ ಸೊನ್ನೆ. ಪದಿಂದ ಮಕ್ಕೆ 1ರಿಂದ 5. ಯದಿಂದ ಹಕ್ಕೆ 1ರಿಂದ 8, ಳ 9. ಒಂದರ ಬೆಲೆಯುಳ್ಳ ಕ, ಟ, ಪ, ಯ ಎಂಬ ನಾಲ್ಕು ಅಕ್ಷರಗಳಿಂದಲೇ ಪದ್ಧತಿಗೆ ಈ ಹೆಸರು. ಒಂಟಿಯಾಗಿ ನಿಂತ ಸ್ವರ ಸೊನ್ನೆ. ವ್ಯಂಜನದೊಡನೆ ಕೂಡಿದ ಸ್ವರಕ್ಕೆ ಬೆಲೆಯೇ ಇಲ್ಲ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನ ಮಾತ್ರ ಲೆಕ್ಕಕ್ಕೆ. ಮೊದಲ ಅಕ್ಷರ ಬಿಡಿಸ್ಥಾನದ ಅಂಕಿಯಾದ್ದರಿಂದ ಸಂಖ್ಯೆಯನ್ನು ಹಿಂದುಮುಂದಾಗಿ ಓದಬೇಕು. ‘ಕಮಲ’ದ ಅಂಕಿಗಳು 1, 5, 3, ಸಂಖ್ಯೆ 351.

ಪದ್ಧತಿಯ ಶಕ್ತಿಯೆಲ್ಲ ಸ್ವರಕ್ಕೆ ಬೆಲೆ ಕೊಡದ ಆ ಒಂದು ತೀರ್ಮಾನದಲ್ಲಿದೆ. ಶುಕ, ಶೋಕ, ಶಾಪ, ಮೂಕ, ಮಾಯೆ: ಐದೂ 15ನ್ನೇ ಹೇಳುತ್ತವೆ. ಒಂದು ಸಂಖ್ಯೆಗೆ ಹತ್ತಾರು ಪದಗಳು ದೊರೆಯುವಾಗ ಛಂದಸ್ಸಿಗೆ ಒಗ್ಗುವ, ಮನಸ್ಸಿನಲ್ಲಿ ನಿಲ್ಲುವ ಪದವನ್ನು ಗ್ರಂಥಕಾರ ಆರಿಸಿಕೊಳ್ಳಬಹುದು.

ಇದಕ್ಕೆ ಮೊದಲಿದ್ದ ದಾರಿಗಳಲ್ಲಿ ಈ ಸ್ವಾತಂತ್ರ್ಯ ಕಡಿಮೆ. 499ರ ಸುಮಾರಿನಲ್ಲಿ ಆರ್ಯಭಟ ವ್ಯಂಜನಕ್ಕೆ ಅಂಕಿಯನ್ನೂ ಸ್ವರಕ್ಕೆ ಸ್ಥಾನವನ್ನೂ ಕೊಟ್ಟು, ಯುಗವೊಂದರ 43,20,000 ವರ್ಷಗಳನ್ನು ‘ಖ್ಯುಘೃ’ ಎಂಬ ಎರಡೇ ಅಕ್ಷರಗಳಲ್ಲಿ ಹಿಡಿದಿಟ್ಟ. ಅಚ್ಚರಿಯ ಮಿತವ್ಯಯ ನಿಜ. ಆದರೆ ನಾಲಿಗೆ ತೊಡರುತ್ತದೆ, ಅರ್ಥವೂ ಹುಟ್ಟುವುದಿಲ್ಲ. ಚಂದ್ರನೆಂದರೆ 1, ಕಣ್ಣೆಂದರೆ 2, ಅಗ್ನಿಯೆಂದರೆ 3 ಎನ್ನುವ ಭೂತಸಂಖ್ಯೆ ಪದ್ಯಕ್ಕೆ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಸಾಮಾನ್ಯವಾಗಿ ಒಂದೊಂದು ಅಂಕಿಗೂ ಒಂದೊಂದು ಪದ ಬೇಕಾಗಿ ಮಾತು ಉದ್ದವಾಗುತ್ತದೆ.

ಕೇರಳದ ಸಂಪ್ರದಾಯ ಕಟಪಯಾದಿಯನ್ನು ವರರುಚಿಯ ಹೆಸರಿಗೆ ಜೋಡಿಸುತ್ತದೆ. 683ರಲ್ಲಿ ಪರಹಿತ ಗಣಿತವನ್ನು ರೂಪಿಸಿದನೆನ್ನಲಾದ ಹರಿದತ್ತ ಇದನ್ನು ಬಳಸಿದ್ದಾನೆ. ವರರುಚಿಯದೆನ್ನುವ ಚಂದ್ರವಾಕ್ಯಗಳು 248. ಚಂದ್ರ ತನ್ನ ಕಕ್ಷೆಯಲ್ಲಿ ಭೂಮಿಗೆ ಅತಿ ಸಮೀಪದ ಬಿಂದುವಿನಿಂದ ಹೊರಟು ಮತ್ತೆ ಅಲ್ಲಿಗೆ ಬರುವ ಅವಧಿ ಸುಮಾರು ಇಪ್ಪತ್ತೇಳೂವರೆ ದಿನ. ಅಂಥ ಒಂಬತ್ತು ಸುತ್ತುಗಳಿಗೆ 248 ದಿನ. ದಿನಕ್ಕೊಂದು ಪುಟ್ಟ ಸಂಸ್ಕೃತ ವಾಕ್ಯ. ಮೊದಲನೆಯದರ ಅಕ್ಷರಗಳನ್ನು ಬಿಡಿಸಿದರೆ 12 ಅಂಶ 3 ಕಲೆ, ಅಂದರೆ ಆ ಒಂದು ದಿನದಲ್ಲಿ ಚಂದ್ರ ಸಾಗಿದ ದೂರ. ವಾಕ್ಯಗಳನ್ನು ಕಂಠಸ್ಥ ಮಾಡಿಕೊಂಡವನಿಗೆ ಕೋಷ್ಟಕವನ್ನು ಬಿಚ್ಚಿ ನೋಡುವ ಕೆಲಸವೇ ಇರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಸಂಗಮಗ್ರಾಮದ ಮಾಧವ ಇವನ್ನು ವಿಕಲೆಯವರೆಗೆ ಸೂಕ್ಷ್ಮಗೊಳಿಸಿದ. ಅವನ 24 ಜ್ಯಾಗಳ ಕೋಷ್ಟಕವೂ ಶ್ಲೋಕರೂಪದಲ್ಲೇ ಇದೆ. ಅದರ ಕೊನೆಯ ಬೆಲೆ 3437 ಕಲೆ, 44 ವಿಕಲೆ, 48 ತತ್ಪರೆ.

ಕಾವ್ಯವೂ ಈ ಉಪಾಯವನ್ನು ಕೈಬಿಡಲಿಲ್ಲ. ಮೇಲ್ಪತ್ತೂರು ನಾರಾಯಣ ಭಟ್ಟತಿರಿಯ ‘ನಾರಾಯಣೀಯಂ’ ಮುಗಿಯುವುದು ‘ಆಯುರಾರೋಗ್ಯಸೌಖ್ಯಂ’ ಎಂಬ ಹರಕೆಯಲ್ಲಿ. ಅದೇ ಕಲಿಯುಗದ 17,12,210ನೆಯ ದಿನ, ಅಂದರೆ 1586ರ ಕೊನೆ. ಹರಕೆಯೂ ತಾರೀಖೂ ಒಂದೇ ಉಸಿರಿನಲ್ಲಿ.

1825ರಲ್ಲಿ ಮದರಾಸಿನಲ್ಲಿ ಪ್ರಕಟವಾದ ‘ಕಾಲಸಂಕಲಿತ’ ಗ್ರಂಥದಲ್ಲಿ ಜಾನ್ ವಾರನ್ ತಾನು ಕಂಡದ್ದನ್ನು ದಾಖಲಿಸಿದ್ದಾನೆ. ಪುದುಚೇರಿಯ ಪಂಚಾಂಗಕಾರನೊಬ್ಬ ನೆಲದ ಮೇಲೆ ಚಿಪ್ಪುಗಳನ್ನಿಟ್ಟು, ಪದಗಳಲ್ಲಿ ಅಡಗಿಸಿದ ಕೋಷ್ಟಕಗಳನ್ನು ನೆನಪಿನಿಂದಲೇ ಹೇಳಿಕೊಳ್ಳುತ್ತ ಚಂದ್ರಗ್ರಹಣವನ್ನು ಗಣಿಸಿದನಂತೆ. ಸಾವಿರ ವರ್ಷಕ್ಕೂ ಹಳೆಯ ವಿದ್ಯೆ ಇನ್ನೂ ದುಡಿಯುತ್ತಿತ್ತು.

ಅರ್ಥ ನೆನಪಿಗೆ ಎಷ್ಟು ಆಸರೆ ಎಂಬುದನ್ನು ಪ್ರಯೋಗದಿಂದ ಅಳೆದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು, ಅರ್ಥವಿಲ್ಲದ ಉಚ್ಚಾರಗಳ ಸರಣಿಗೆ ಬೇಕಾದ ಶ್ರಮದ ಸುಮಾರು ಹತ್ತನೇ ಒಂದು ಪಾಲಿನಲ್ಲಿ ಬೈರನ್ನನ ಕಾವ್ಯದ ಪದ್ಯಗಳು ಬಾಯಿಗೆ ಬಂದವೆಂದು ತಿಳಿಸಿದ. ಯೂರೋಪಿನಲ್ಲೂ 1634ರಲ್ಲೇ ಪಿಯರ್ ಎರಿಗೋನ್ ಅಂಕಿಗೆ ಅಕ್ಷರ ಕೊಟ್ಟು ಪದ ಕಟ್ಟುವ ಕ್ರಮವೊಂದನ್ನು ಮುಂದಿಟ್ಟಿದ್ದ.

ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ 72 ಮೇಳಗಳನ್ನು ಕಲ್ಪಿಸಿದ. ಕಟಪಯಾದಿಯ ಹೆಸರುಗಳು ಕೂಡಿಕೊಂಡದ್ದು ಆಮೇಲೆ. ಜನ ಮೊದಲೇ ಹಾಡುತ್ತಿದ್ದ ರಾಗಗಳ ಹೆಸರನ್ನು ಅಳಿಸದೆ, ಮುಂದೊಂದು ಪದವನ್ನು ಸೇರಿಸಿದ್ದು ಬಹಳ ವಿವೇಕದ ಕೆಲಸ. ಹೀಗಾದ ಹೆಸರಿನ ಮೊದಲ ಎರಡು ಅಕ್ಷರಗಳೇ ಮೇಳದ ಸಂಖ್ಯೆಯನ್ನು ಹೇಳುತ್ತವೆ. ತೋಡಿ ಹನುಮತೋಡಿಯಾಗಿ 8, ಶಂಕರಾಭರಣ ಧೀರಶಂಕರಾಭರಣವಾಗಿ 29, ಕಲ್ಯಾಣಿ ಮೇಚಕಲ್ಯಾಣಿಯಾಗಿ 65. ಪುರಂದರದಾಸರು ಮೊದಲ ಪಾಠಗಳಿಗೆ ಆರಿಸಿದರೆನ್ನುವ ಮಾಳವಗೌಳ ‘ಮಾಯಾ’ ಸೇರಿ 15.

ಸಂಖ್ಯೆ ಸಿಕ್ಕರೆ ಸ್ವರಗಳೂ ಸಿಕ್ಕಂತೆ. ಮೊದಲ 36 ಮೇಳಗಳಿಗೆ ಶುದ್ಧ ಮಧ್ಯಮ, ಉಳಿದವಕ್ಕೆ ಪ್ರತಿ ಮಧ್ಯಮ. ಆರಾರು ಮೇಳಗಳಿಗೆ ಒಂದು ಚಕ್ರ. 15 ಎಂದರೆ ಮೂರನೆಯ ಚಕ್ರದ ಮೂರನೆಯ ಮೇಳ. ಚಕ್ರ ರಿಷಭ, ಗಾಂಧಾರಗಳನ್ನು ಹೇಳಿದರೆ, ಅದರೊಳಗಿನ ಸ್ಥಾನ ಧೈವತ, ನಿಷಾದಗಳನ್ನು ಹೇಳುತ್ತದೆ. ಇಂದು, ನೇತ್ರ, ಅಗ್ನಿ, ವೇದ ಎಂಬ ಚಕ್ರಗಳ ಹೆಸರುಗಳಾದರೋ ಭೂತಸಂಖ್ಯೆಯವು. ಹೀಗೆ ಎರಡು ಹಳೆಯ ಪದ್ಧತಿಗಳು ಇಲ್ಲಿ ಜೊತೆಗೂಡಿವೆ.

ಒತ್ತಕ್ಷರದ ನಿಯಮ ಮಾತ್ರ ಎಲ್ಲ ಕಡೆ ಒಂದೇ ಬಗೆಯಲ್ಲಿಲ್ಲ. ರತ್ನಾಂಗಿ ನಿಯಮದಂತೆ 2 ಆಗುತ್ತದೆ. ಚಕ್ರವಾಕ ಅದೇ ನಿಯಮದಲ್ಲಿ 26 ಆಗಬೇಕು; ಅದರ ಸ್ಥಾನ 16, ಒತ್ತಕ್ಷರದ ಮೊದಲ ವ್ಯಂಜನವನ್ನೇ ಎಣಿಸಬೇಕು. ದಿವ್ಯಮಣಿ, ವಿಶ್ವಂಭರಿ, ಶ್ಯಾಮಲಾಂಗಿ, ಚಿತ್ರಾಂಬರಿ, ಜ್ಯೋತಿಸ್ವರೂಪಿಣಿಗಳೂ ಹೀಗೆಯೇ. ಈ ಹೆಸರುಗಳನ್ನು ವಿದ್ಯಾರ್ಥಿ ಬೇರೆಯಾಗಿಯೇ ನೆನಪಿಡಬೇಕು.