ಗಟ್ಟಿ ಕಲ್ಲು, ಗಂಧದ ಬಾಗಿಲು

ವಿಧಾನಸೌಧದಲ್ಲಿ ಗುಮಾಸ್ತನಾಗಿ ಸೇರಿ ಅಲ್ಲೇ ನಿವೃತ್ತನಾದವನು ನಾನು. ಗಂಗಾನಗರದಲ್ಲಿ ವಾಕಿಂಗ್‌ಗೆ ಸಿಗುವವರೆಲ್ಲ ಕೇಳುವುದು ಒಂದೇ: ‘ಸಾರ್, ಆ ಗಂಧದ ಬಾಗಿಲು ನೋಡಿದ್ದೀರಾ?’ ಸಂಪುಟ ಸಭೆಯ ಕೊಠಡಿಯ ಬಾಗಿಲು ಅದು. ನೋಡಿದ್ದೇನೆ. ಆದರೆ ನನಗೆ ಮೊದಲು ಕಲ್ಲಿನ ಮಾತು. ಕಲ್ಲು ನಮ್ಮ ಕಡೆಯದು, ಹೆಸರಘಟ್ಟ, ಮಲ್ಲಸಂದ್ರದ ಸುತ್ತಿನದು.

ಬೇಲೂರು, ಹಳೇಬೀಡಿನಲ್ಲಿ ಕೆತ್ತಿದ್ದು ಬಳಪದ ಕಲ್ಲು. ನೆಲದಿಂದ ತೆಗೆದ ಹೊಸತರಲ್ಲಿ ಅದು ಮೆತ್ತಗಿರುತ್ತದೆ. ಬಳೆಯ ಸಂದಿಗೂ ಉಳಿ ಇಳಿಯುತ್ತದೆ. ಬೆಂಗಳೂರಿನ ಬಂಡೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ತೀರಾ ಸಣ್ಣ ಕೆಲಸಕ್ಕೆ ಹೋದರೆ ಚಕ್ಕೆ ಏಳುತ್ತದೆ. ಅದಕ್ಕೇ ಇಲ್ಲಿನ ಬೋದಿಗೆ, ಹೂಬಳ್ಳಿ ಎಲ್ಲ ದಪ್ಪ ದಪ್ಪ, ರಸ್ತೆಯಿಂದಲೇ ಕಣ್ಣಿಗೆ ಸಿಗುವಂಥವು. ಬಣ್ಣ ಬೇಕಾದೆಡೆಗೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕಲ್ಲು ತಂದರು. ಹೊಯ್ಸಳರ ನಾಜೂಕಿಲ್ಲ ಎಂದು ಮೂಗು ಮುರಿಯುವವರು ಒಮ್ಮೆ ಈ ಬಂಡೆಗೆ ಉಳಿ ಹಿಡಿದು ನೋಡಬೇಕು.

1951ರ ಜುಲೈ 13ರಂದು ನೆಹರೂ ಅಡಿಗಲ್ಲಿಟ್ಟಾಗ ಕೆ.ಸಿ. ರೆಡ್ಡಿಯವರ ಸರ್ಕಾರ, ನಕ್ಷೆಯೂ ಸಾದಾ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಒಪ್ಪಲಿಲ್ಲ. ಎದುರಿಗೇ ಆಂಗ್ಲರ ಕಾಲದ ಕೆಂಪು ಅಠಾರಾ ಕಚೇರಿ. ಹೊಸ ಕಟ್ಟಡಕ್ಕೆ ನಮ್ಮ ದೇವಸ್ಥಾನ, ಅರಮನೆಗಳ ಚಹರೆಯೇ ಬೇಕೆಂದು ಅವರ ಹಟ. ಹಟವನ್ನು ಕಲ್ಲಿಗಿಳಿಸಿದವರು ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಕಂ. ಸುಮಾರು 5,000 ಕೂಲಿಗಳು, 1,500ರಷ್ಟು ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು ದುಡಿದರು. ಕೂಲಿಗಳಲ್ಲಿ ಕೈದಿಗಳೂ ಇದ್ದರು. ಪೂರ್ವದ ಮೆಟ್ಟಿಲು ಹತ್ತಿದರೆ 40 ಅಡಿಯ 12 ಕಂಬಗಳು. ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’. ಅದರಡಿ ತಿಂಗಳುಗಟ್ಟಲೆ ಅಲೆದ ಅರ್ಜಿದಾರರ ಮುಖ ನಾನು ನೋಡಿದವನು, ಇರಲಿ.

ಕಲ್ಲು ಒಪ್ಪದ ನಾಜೂಕೆಲ್ಲ ಒಳಗೆ ಮರಕ್ಕೆ ಹೋಯಿತು. ಶ್ರೀಗಂಧದ ಎಳೆ ಒತ್ತು, ಎಷ್ಟು ಸಣ್ಣ ಉಳಿಗೂ ಸೀಳದೆ ನಿಲ್ಲುತ್ತದೆ. ಹೊರಗಿನ ಕಂಬಕ್ಕೂ ಆ ಬಾಗಿಲಿಗೂ ಅಷ್ಟು ಅಂತರ ಬಂದದ್ದು ಇದರಿಂದ. ನಮ್ಮ ಶಾಖೆಯ ಕೊಠಡಿಗೆ ಮಾತ್ರ ಎರಡೂ ಇರಲಿಲ್ಲ. ಗೋಡೆಯುದ್ದಕ್ಕೂ ಕಡತದ ಕಟ್ಟುಗಳೇ ಅಲಂಕಾರ.

ಖರ್ಚು ಒಂದೂಮುಕ್ಕಾಲು ಕೋಟಿ ರೂಪಾಯಿ ಮುಟ್ಟಿತು. ಆ ಕಾಲಕ್ಕೆ ಅದು ದುಂದು ಎಂದು ಗದ್ದಲವೆದ್ದು ವಿಚಾರಣೆಯೂ ನಡೆಯಿತು. ಕಟ್ಟಡ ಮುಗಿದ ವರ್ಷವೇ, 1956ರ ಆಗಸ್ಟ್‌ನಲ್ಲೇ ಹನುಮಂತಯ್ಯ ಅಧಿಕಾರ ಬಿಟ್ಟರು. ನಡುವೆ ಎರಡೂವರೆ ತಿಂಗಳು ಕಡಿದಾಳ್ ಮಂಜಪ್ಪ. ನವೆಂಬರ್ 1ರಂದು ಏಕೀಕೃತ ರಾಜ್ಯದ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ.