ಬಾಯಿಪಾಠದ ಚಿತ್ರಗಳು

ತಾಜಸುಲ್ತಾನಪುರದ ನಮ್ಮ ಕಾಕಾ ಅವರಿಗೆ ‘ಬಬ್ರುವಾಹನ’ (1977) ಬಾಯಿಪಾಠವಾಗಿತ್ತು. ರಾಜಕುಮಾರರು ತಾವೇ ಅರ್ಜುನ, ತಾವೇ ಬಬ್ರುವಾಹನನಾಗಿ ವಾದಿಸುವ ಭಾಗವನ್ನು ಅವರು ಕಟ್ಟೆಯ ಮೇಲೆ ಕುಳಿತು, ಎರಡು ದನಿಗಳಲ್ಲಿ, ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು. ಹುಚ್ಚೆಂದು ನಾವು ನಗುತ್ತಿದ್ದೆವು.

ಈಗ ಹಾಗೆ ನಗಲಾರೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ನಿರ್ದೇಶಕರು ವೈ. ವಿ. ರಾವ್; ನಾಗೇಂದ್ರರಾಯರು ರಾವಣ, ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ. ಆ ಚಿತ್ರದ ಪ್ರತಿ ಇಂದು ದೊರೆಯುವುದಿಲ್ಲ. ಹಳೆಯ ಚಿತ್ರಗಳನ್ನು ಕಾಯ್ದಿಡಲು ಪುಣೆಯಲ್ಲಿ ರಾಷ್ಟ್ರೀಯ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ, ಮೂವತ್ತು ವರ್ಷ ತಡವಾಗಿ.

ಸುಲೋಚನೆಯ ಮಾತುಗಳನ್ನೂ ಬಾಯಿಪಾಠ ಮಾಡಿದವರು ಇದ್ದಿರಲೇಬೇಕು. ಅವರ ಎದುರು ಕಾಗದ ಹಿಡಿದು ಕುಳಿತವರಿಲ್ಲ. ನಮ್ಮ ಕಾಕಾ ತೀರಿಕೊಂಡರೂ ‘ಬಬ್ರುವಾಹನ’ ಉಳಿದಿದೆ. ಅಲ್ಲಿ ಚಿತ್ರವೂ ಹೋಯಿತು, ಬಲ್ಲವರೂ ಹೋದರು.